ರಕ್ಷೆ

ಹೋಮ ಮುಗಿದ ಮೇಲೆ ಪುರೋಹಿತರು ಕುಂಡದ ಕರಿಯನ್ನು ತುಪ್ಪದಲ್ಲಿ ಕಲಸಿ ಹಣೆಗಿಡುತ್ತಾರಲ್ಲ, ಅದು ರಕ್ಷೆ. ಕೂಸಿನ ತೋಳಿಗೆ ಕಟ್ಟುವ ದಾರವೂ ರಕ್ಷೆಯೇ. ಕಾಲಿಗಿಳಿದರೆ ಪಾದರಕ್ಷೆ, ಅದನ್ನು ಮಾತ್ರ ದೇವಸ್ಥಾನದ ಹೊರಗೇ ಬಿಡಬೇಕು. ಚುನಾವಣೆ ಬಂತೆಂದರೆ ಈ ಪದ ಮುಂದೊಂದು 'ಶ್ರೀ' ಹಚ್ಚಿಕೊಂಡು ವೇದಿಕೆ ಹತ್ತುತ್ತದೆ. ಮತದಾರರ ಆಶೀರ್ವಾದವೇ ಶ್ರೀರಕ್ಷೆ ಎನ್ನದ ಅಭ್ಯರ್ಥಿ ಯಾರಿದ್ದಾರೆ?

ಸಂವಿಧಾನದಲ್ಲೂ ರಕ್ಷೆಯುಂಟು. ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ಸಂಸದರನ್ನು ಕೋರ್ಟಿಗೆ ಎಳೆಯುವಂತಿಲ್ಲ ಎನ್ನುತ್ತದೆ 105ನೇ ವಿಧಿ. ಒಳ್ಳೆಯದೇ, ಅಳುಕುತ್ತ ಮಾತಾಡುವವನಿಂದ ಆಳುವವರನ್ನು ಪ್ರಶ್ನಿಸಲಾದೀತೆ? ಆದರೆ 1993ರ ಅವಿಶ್ವಾಸ ನಿರ್ಣಯದಲ್ಲಿ ನರಸಿಂಹರಾವ್ ಸರ್ಕಾರವನ್ನು ಉಳಿಸಲು ಜಾರ್ಖಂಡ್ ಮುಕ್ತಿ ಮೋರ್ಚಾದ ಸಂಸದರು ಲಂಚ ಪಡೆದರೆಂಬ ಪ್ರಕರಣದಲ್ಲಿ, ಬಾಯಿಗೆ ಕೊಟ್ಟ ರಕ್ಷೆ ಜೇಬಿಗೂ ಹರಡಿತು. 1998ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು, ಹಣ ಪಡೆದು ಮತ ಹಾಕಿದವರಿಗೆ ರಕ್ಷಣೆಯಿದೆ ಎಂದರು. ಹಣ ಪಡೆದ ಆರೋಪವಿದ್ದೂ ಮತ ಹಾಕದೆ ಉಳಿದವರಿಗೆ ಇಲ್ಲ! ಅಂದರೆ ಕೊಟ್ಟ ಮಾತಿಗೆ ತಪ್ಪದ ಲಂಚಗಾರನಿಗೆ ರಕ್ಷೆ, ತಪ್ಪಿದವನಿಗೆ ಕಟಕಟೆ. ಪುಣ್ಯಕೋಟಿಯ ನಾಡಿನಲ್ಲಿ ಸತ್ಯಸಂಧತೆಗೆ ಇಂಥ ಬೆಲೆ ಬಂದೀತೆಂದು ಯಾರು ಎಣಿಸಿದ್ದರು.

ಆ ತೀರ್ಪು ಬಿದ್ದುಹೋಗಲು 26 ವರ್ಷ ಬೇಕಾಯಿತು. 2012ರ ರಾಜ್ಯಸಭಾ ಚುನಾವಣೆಯಲ್ಲಿ ಲಂಚ ಪಡೆದ ಆರೋಪ ಹೊತ್ತ ಶಾಸಕಿ ಸೀತಾ ಸೊರೇನ್ ಅದೇ ಹಳೆಯ ರಕ್ಷಣೆ ಕೇಳಿ ಹೋದರು. 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಆಗದು ಎಂದರು. ಹಿಂದಿನ ಪ್ರಕರಣದ ಆರೋಪಿಗಳಲ್ಲೊಬ್ಬರಾಗಿದ್ದ ಶಿಬು ಸೊರೇನ್ ಈಕೆಯ ಮಾವ. ಮಾವನಿಗೆ ದಕ್ಕಿದ್ದು ಸೊಸೆಗೆ ದಕ್ಕಲಿಲ್ಲ.

ನಮ್ಮ ರಾಜಭವನದ ಕತೆ ಬೇರೆ. 361ನೇ ವಿಧಿಯ ರಕ್ಷೆ ಅಧಿಕಾರದಲ್ಲಿರುವ ರಾಷ್ಟ್ರಪತಿಗೆ, ರಾಜ್ಯಪಾಲರಿಗೆ ಉಂಟು; ಮುಖ್ಯಮಂತ್ರಿಗೆ ಅದಿಲ್ಲ. ಅವರ ವಿರುದ್ಧದ ಭ್ರಷ್ಟಾಚಾರ ಪ್ರಕರಣಗಳಲ್ಲಿ ಅಡ್ಡ ನಿಲ್ಲುವುದು ರಾಜ್ಯಪಾಲರ 'ಅನುಮತಿ' ಎಂಬ ಬಾಗಿಲು. 2011ರಲ್ಲಿ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ವಿಷಯದಲ್ಲಿ ಅದನ್ನು ತೆರೆದಾಗ ಬಿಜೆಪಿ ಬಂದ್‌ಗೆ ಕರೆ ಕೊಟ್ಟಿತು. 2024ರಲ್ಲಿ ಥಾವರ್‌ಚಂದ್ ಗೆಹಲೋತ್ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರಿಗೆ ತೆರೆದಾಗ ಬೀದಿಗಿಳಿದದ್ದು ಕಾಂಗ್ರೆಸ್. ಎರಡೂ ಸಲ ಕೂಗು ಒಂದೇ: ರಾಜ್ಯಪಾಲರು ಕೇಂದ್ರದ ಏಜೆಂಟ್. ಬಾವುಟದ ಬಣ್ಣವಷ್ಟೇ ಬೇರೆ.

ಅದೇ ವರ್ಷ ಸೆಪ್ಟೆಂಬರ್ 24ರಂದು ಹೈಕೋರ್ಟ್ ಮುಡಾ ತನಿಖೆಗೆ ದಾರಿ ಬಿಟ್ಟಾಗ ಬಿಜೆಪಿ ರಾಜೀನಾಮೆ ಕೇಳಿತು. ಕಾಂಗ್ರೆಸ್ಸಿಗರು ಜನಾದೇಶದ ಮಾತೆತ್ತಿದರು, ಮತಪೆಟ್ಟಿಗೆಯ ಶ್ರೀರಕ್ಷೆ ಕೋರ್ಟಿನೊಳಗೂ ನಡೆಯುವಂತೆ. 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಕೊಟ್ಟರು. ತನಿಖೆಯೇ ಬೇಡ ಅಂದವರು ವರದಿಯನ್ನು ಕಣ್ಣಿಗೊತ್ತಿಕೊಂಡರು, ತನಿಖೆ ಬೇಕೇ ಬೇಕು ಅಂದವರು ಅದನ್ನು ನಂಬಲಾಗದೆಂದು ಎತ್ತಿ ಎಸೆದರು.