ಮಸೀದಿ ಗೋಡೆಗೆ ತೂಗುಹಾಕಿದ್ದ ಇಟ್ಟಿಗೆ ಅಚ್ಚು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟಿದೆ. ನಮ್ಮ ನಡವಳಿಕೆಯಲ್ಲಿ ಮಾತ್ರ ಎರಡೂ ಸಮನಲ್ಲ. ಹೆಣ್ಣು ಕೊಡುವ ಮುನ್ನ ಹುಡುಗನ ದುಡಿಮೆ, ನಡತೆ, ಅವನ ಚಿಕ್ಕಪ್ಪಂದಿರ ಸಾಲಸೋಲದವರೆಗೆ ಹತ್ತು ಕಡೆ ವಿಚಾರಿಸುತ್ತೇವೆ. ಜೀವಮಾನದ ಗಳಿಕೆಯನ್ನೇ ಕೈಗೊಪ್ಪಿಸುವ ಗುತ್ತಿಗೆದಾರನಿಗೆ ಕೇಳುವುದು ಒಂದೇ ಪ್ರಶ್ನೆ: ಚದರಡಿಗೆ ಎಷ್ಟು?

ನಮ್ಮ ಮೊಹಲ್ಲಾದ ಖಾಲಾ ಒಬ್ಬರು ಮಗ ಸೌದಿಯಿಂದ ಕಳಿಸಿದ ಹಣದಲ್ಲಿ ಮನೆಗೆ ಕೈಹಾಕಿದರು. ಪಾಯಕ್ಕೆಂದು, ಲಿಂಟಲಿಗೆಂದು, ಕಬ್ಬಿಣದ ದರ ಏರುವ ಮೊದಲೇ ತಂದುಬಿಡೋಣವೆಂದು ಕಂತಿನ ಮೇಲೆ ಕಂತು ಪಡೆದ ಗುತ್ತಿಗೆದಾರ ಕಿಟಕಿಯ ಮಟ್ಟಕ್ಕೆ ಗೋಡೆ ಎಬ್ಬಿಸಿ ಕಾಣೆಯಾದ. ಕರಾರಿಲ್ಲ, ರಸೀದಿಯಿಲ್ಲ. ಅವನ ಹೆಸರು ಯಾವ ಕಚೇರಿಯ ಪುಸ್ತಕದಲ್ಲೂ ಇರಲಿಲ್ಲ. ಇರಬೇಕೆಂದು ಹೇಳುವ ಕಾನೂನೂ ಇಲ್ಲ. ಕೊಡುಕೊಳ್ಳುವಿಕೆಯನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂದು ಹೇಳುವ ಆಯತ್ತೇ ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದವಾದದ್ದು. ಅದನ್ನು ಓದಿ ಮುಗಿಸಿದ ಕೈಯಲ್ಲೇ ನಾವು ರಸೀದಿಯಿಲ್ಲದೆ ನೋಟಿನ ಕಟ್ಟು ಕೊಡುತ್ತೇವೆ.

ಮನೆ ಕಟ್ಟುವವನನ್ನು ಹೊಣೆಗಾರನನ್ನಾಗಿ ಮಾಡುವ ಯತ್ನ ಬಹಳ ಹಳೆಯದು. ಸುಮಾರು ಕ್ರಿ.ಪೂ. 1750ರ ಬಾಬಿಲೋನಿಯಾದ ದೊರೆ ಹಮ್ಮುರಾಬಿಯ ಕಟ್ಟಳೆಗಳಲ್ಲಿ ಕಟ್ಟಡ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ! ಗೋಡೆ ವಾಲಿದರೆ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಕೂಲಿಯೂ ನಿಗದಿಯಾಗಿತ್ತು. ಕಟ್ಟುನಿಟ್ಟಿನ ಕಾನೂನೇನೋ ಹೌದು, ಆದರೆ ಅದು ಎಚ್ಚರಗೊಳ್ಳುವುದು ಮನೆ ಬಿದ್ದ ಮೇಲೆ.

ಬೀಳುವ ಮೊದಲೇ ನೋಡಬೇಕೆಂಬ ಏರ್ಪಾಡು ಇಸ್ಲಾಮೀ ಪಟ್ಟಣಗಳಲ್ಲಿ ‘ಹಿಸ್ಬಾ’ ಎಂಬ ಹೆಸರಿನಲ್ಲಿ ಬೆಳೆಯಿತು. ಅದನ್ನು ನಡೆಸುವ ಅಧಿಕಾರಿ ಮುಹ್ತಸಿಬ್. ಹಾಲಿಗೆ ನೀರು ಬೆರೆಸುವವನು, ತೂಕದ ಕಲ್ಲು ಸವೆಸಿದವನು ಅವನಿಗೆ ಹೆದರುತ್ತಿದ್ದರೆಂದು ನಾವು ಮದರಸಾದಲ್ಲಿ ಕೇಳಿದ್ದೇವೆ. ಆದರೆ ಅವನ ಕಣ್ಣು ಇಟ್ಟಿಗೆ ಗೂಡಿನ ಮೇಲೂ ಇತ್ತೆಂಬುದನ್ನು ನಮಗೆ ಯಾರೂ ಹೇಳಲಿಲ್ಲ.

ಹನ್ನೆರಡನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಸೆವಿಲ್ಲೆ ನಗರದ ಇಬ್ನ್ ಅಬ್ದೂನ್ ಎಂಬಾತ ಹಿಸ್ಬಾ ಕುರಿತು ಒಂದು ಕೈಪಿಡಿ ಬರೆದ. ಮನೆಯೆಂದರೆ ಜನರ ಜೀವಕ್ಕೆ ಆಸರೆ, ಆದ್ದರಿಂದ ಅದನ್ನು ಸಡಿಲ ಬಿಡಬಾರದು ಎಂಬುದು ಅವನ ವಾದ. ಗೋಡೆಯ ದಪ್ಪ ಇಷ್ಟು ಗೇಣಿಗಿಂತ ಕಡಿಮೆಯಿರಕೂಡದು, ಆ ದಪ್ಪಕ್ಕೆ ಒಪ್ಪುವಂತೆ ಇಟ್ಟಿಗೆಯ ಅಳತೆಯಿರಬೇಕು ಎಂದೆಲ್ಲ ವಿಧಿಸುತ್ತಾನೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಇಟ್ಟಿಗೆಯ ದಪ್ಪ, ಹೆಂಚಿನ ಗಾತ್ರ, ತೊಲೆಯ ಅಗಲ, ಹಲಗೆಯ ದಪ್ಪ, ಇವೆಲ್ಲಕ್ಕೂ ಹುಳು ಹಿಡಿಯದ ಗಟ್ಟಿ ಮರದಲ್ಲಿ ಮಾದರಿಗಳನ್ನು ಮಾಡಿಸಿ, ಜಾಮಿಯಾ ಮಸೀದಿಯ ಗೋಡೆಯಲ್ಲಿ ಮೊಳೆ ಹೊಡೆದು ತೂಗುಹಾಕಬೇಕು. ಅದೇ ಅಳತೆಯ ಮಾದರಿಗಳು ಕೆಲಸಗಾರರ ಕೈಯಲ್ಲೂ ಇರಬೇಕು. ಅನುಮಾನ ಬಂದರೆ ಮಸೀದಿಯದಕ್ಕೆ ಹಿಡಿದು ನೋಡುವುದು.

ಅಳತೆ ಇದ್ದದ್ದು ಕಚೇರಿಯ ಬೀರುವಿನಲ್ಲಿ ಅಲ್ಲ, ನಮಾಝಿಗೆ ಬಂದವರೆಲ್ಲ ಕಾಣುವ ಜಾಗದಲ್ಲಿ. ಓದುಬರಹ ಬಾರದವನೂ ಇಟ್ಟಿಗೆಯೊಂದನ್ನು ತಂದು ಪಕ್ಕದಲ್ಲಿ ಹಿಡಿದರೆ ಸಾಕು, ಮೋಸ ಎಷ್ಟು ಬೆರಳೆಂದು ತಿಳಿಯುತ್ತಿತ್ತು.

ಇನ್ನೊಬ್ಬ ಈಜಿಪ್ಟಿನವನು, ಇಬ್ನುಲ್ ಉಖುವ್ವಾ. 1329ರಲ್ಲಿ ತೀರಿಕೊಂಡ ಈತನ ‘ಮಆಲಿಮುಲ್ ಕುರ್ಬಾ’ ಎಂಬ ಗ್ರಂಥದಲ್ಲಿ ಬಡಗಿ, ಗಾರೆಯವರ ಬಗ್ಗೆ ಪ್ರತ್ಯೇಕ ಅಧ್ಯಾಯವಿದೆ. ದಿನಗೂಲಿಗೆ ಒಪ್ಪಿಕೊಂಡು ತಡವಾಗಿ ಬಂದು ಸಂಜೆಗೆ ಮುಂಚೆ ಹೊರಡುವವರ ಮೇಲೆ ಅವನಿಗೆ ಸಿಟ್ಟು. ಅದಕ್ಕಿಂತ ಸೂಕ್ಷ್ಮವಾದುದು ಅಂದಾಜುಪಟ್ಟಿಯ ವಿಚಾರ. ಮನೆ ಕಟ್ಟಿಸಬೇಕೆನ್ನುವವನಿಗೆ ಮೊದಲು ಖರ್ಚು ಕಡಿಮೆಯೆಂದು ಹೇಳಿ ಕೆಲಸಕ್ಕೆ ಇಳಿಸುತ್ತಾರೆ. ಅರ್ಧ ಏರಿದ ಮೇಲೆ ಲೆಕ್ಕ ಬೆಳೆಯುತ್ತದೆ. ಅವನು ಸಾಲಕ್ಕೆ ಬಿದ್ದು, ಒಮ್ಮೊಮ್ಮೆ ಮನೆ ಮುಗಿಯುವ ಮೊದಲೇ ಮಾರಿಕೊಳ್ಳುತ್ತಾನೆ. ಈ ಭಾಗ ಓದುವಾಗ ಕೈರೋ ಮರೆತು ನಮ್ಮ ಖಾಲಾರ ಅಂಗಳವೇ ಕಣ್ಮುಂದೆ ಬಂತು. ಇಂಥ ಕಸುಬುಗಳನ್ನು ಮುಹ್ತಸಿಬ್ ಒಬ್ಬನೇ ಅರಿಯಲಾರ. ಆದ್ದರಿಂದ ಪ್ರತಿ ಕಸುಬಿನೊಳಗಿಂದಲೇ ನಂಬಿಕಸ್ಥನೂ ನುರಿತವನೂ ಆದ ಒಬ್ಬನನ್ನು ‘ಆರಿಫ್’ ಎಂದು ನೇಮಿಸಿಕೊಳ್ಳುವುದು ರೂಢಿ. ಗಾರೆಯವನ ಕಳ್ಳತನ ಗಾರೆಯವನಿಗೇ ಗೊತ್ತು!

ಅದೇ ಶತಮಾನದಲ್ಲಿ ಟ್ಯುನಿಸಿನ ಇಬ್ನುರ್ರಾಮಿ ಎಂಬ ಮೇಸ್ತ್ರಿ ಖಾಝಿಗೆ ಕಟ್ಟಡ ತಜ್ಞನಾಗಿ ದುಡಿದು, ಗೋಡೆ ಜಗಳ, ಚರಂಡಿ ಜಗಳಗಳ ತೀರ್ಪುಗಳನ್ನು ಕೂಡಿಸಿ ಗ್ರಂಥವನ್ನೇ ಬರೆದ. ಕರಣೆ ಹಿಡಿದ ಕೈ ಫಿಕ್ಹ್ ಬರೆದ ಕಾಲವೊಂದಿತ್ತು.

ನಮ್ಮ ದೇಶಕ್ಕೆ ಬಂದರೆ ಅಬುಲ್ ಫಝಲನ ‘ಆಯ್ನೆ ಅಕ್ಬರಿ’ ಇದೆ. ಸಾವಿರ ಸುಟ್ಟ ಇಟ್ಟಿಗೆಗೆ 30 ದಾಮ್, ಅರೆಸುಟ್ಟದ್ದಕ್ಕೆ 24, ಹಸಿ ಇಟ್ಟಿಗೆಗೆ 10. ಗಾರೆ ಕೆಲಸದವರಲ್ಲಿ ಮೊದಲ ದರ್ಜೆಯವನಿಗೆ ದಿನಕ್ಕೆ 7 ದಾಮ್, ನಂತರದವರಿಗೆ 6 ಮತ್ತು 5. ಇದು ಬಾದಶಾಹನ ಕಾರ್ಖಾನೆಗಳ ಲೆಕ್ಕ, ಬಡವನ ಮನೆಯದಲ್ಲ, ನಿಜ. ಆದರೂ ದರ್ಜೆಯೆಂದರೆ ಕೈಚಳಕದ ದರ್ಜೆಯಾಗಿತ್ತು.

ಬ್ರಿಟಿಷರು ತಂದ ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆಯ ಅರ್ಥ ಬದಲಾಯಿತು. ಈಗಲೂ ಊರೂರಲ್ಲಿ ‘ಪಿಡಬ್ಲ್ಯುಡಿ ಕ್ಲಾಸ್ ಒನ್ ಕಂಟ್ರಾಕ್ಟರ್’ ಎಂಬ ಬೋರ್ಡು ಕಾಣುತ್ತದೆ. ಜನ ಅದನ್ನು ಕೆಲಸದ ಗುಣಮಟ್ಟದ ಸರ್ಟಿಫಿಕೇಟ್ ಎಂದುಕೊಳ್ಳುತ್ತಾರೆ. ಅದು ಸರ್ಕಾರಿ ಕೆಲಸ ಹಿಡಿಯಲು, ಇಷ್ಟು ಮೊತ್ತದವರೆಗೆ ಟೆಂಡರು ಹಾಕಲು ಇರುವ ನೋಂದಣಿ. ಸೇತುವೆ ಕಟ್ಟಿಸಿಕೊಳ್ಳುವ ಸರ್ಕಾರ ತನ್ನ ಗುತ್ತಿಗೆದಾರನನ್ನು ಸೋಸಿ ತೆಗೆದುಕೊಳ್ಳುತ್ತದೆ, ಖಾಲಾಗೆ ಆ ಜರಡಿ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1929ರಲ್ಲೇ ಕಟ್ಟಡ ಗುತ್ತಿಗೆದಾರರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ನಾಲ್ಕು ವರ್ಷ ಕೈಕೆಲಸದ ಅನುಭವ, ಪರೀಕ್ಷೆ, ಬೆರಳಚ್ಚು, 25,000 ಡಾಲರಿನ ಭದ್ರತಾ ಬಾಂಡ್. 2025ರಿಂದ ಸಾವಿರ ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ಕೆಲಸಕ್ಕೆ ಇದು ಬೇಕೇ ಬೇಕು. ಮನೆ ರಿಪೇರಿ ಕರಾರಿನಲ್ಲಿ ಮುಂಗಡ ಶೇ. 10 ಅಥವಾ ಸಾವಿರ ಡಾಲರ್, ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಲೈಸೆನ್ಸ್ ಇಲ್ಲದವನು ಬಾಕಿ ಕೂಲಿಗಾಗಿ ಕೋರ್ಟಿಗೂ ಹೋಗಲಾರ. ಲೈಸೆನ್ಸಿನ ನಂಬರನ್ನು ಜಾಹೀರಾತಿನಲ್ಲೇ ಹಾಕಬೇಕು, ಆ ನಂಬರು ಹಿಡಿದು ಯಾರು ಬೇಕಾದರೂ ವಿಚಾರಿಸಬಹುದು. ಇದೂ ಒಂದು ಬಗೆಯಲ್ಲಿ ಮಸೀದಿ ಗೋಡೆಯ ಅಚ್ಚೇ.

ಇಲ್ಲಿನ ಸ್ಥಿತಿ ವಿಚಿತ್ರ. ಮನೆಗೆ ವೈರಿಂಗ್ ಮಾಡುವ ಗುತ್ತಿಗೆದಾರನಿಗೆ ಸರ್ಕಾರದ ಲೈಸೆನ್ಸ್ ಬೇಕು, ಆ ವೈರು ಓಡಾಡುವ ಗೋಡೆ ಕಟ್ಟುವವನಿಗೆ ಬೇಡ. 2016ರ ರೇರಾ ಕಾಯ್ದೆ ಮಾರಾಟಕ್ಕೆ ಕಟ್ಟುವ ಬಿಲ್ಡರನನ್ನು ನೋಂದಾಯಿಸಿ, ರಚನೆಯ ದೋಷಕ್ಕೆ ಐದು ವರ್ಷ ಹೊಣೆ ಮಾಡಿದೆ. ಸ್ವಂತ ಸೈಟಿನಲ್ಲಿ ಮನೆ ಕಟ್ಟಿಸುವವರು ಅದರ ಹೊರಗೆ. ಗ್ರಾಹಕ ಕಾನೂನಿಗೆ 1993ರಲ್ಲಿ ಮನೆ ನಿರ್ಮಾಣವನ್ನೂ ಸೇರಿಸಿರುವುದರಿಂದ ಆ ಬಾಗಿಲು ತೆರೆದಿದೆ. ಆದರೆ ಕೈಯಲ್ಲಿ ಕಾಗದವಿಲ್ಲದೆ ಅಲ್ಲಿ ಹೋಗಿ ನಿಲ್ಲುವುದು ಹೇಗೆ?

ಹಾಗೆಂದು ನಾಳೆಯೇ ಎಲ್ಲ ಮೇಸ್ತ್ರಿಗಳಿಗೂ ಲೈಸೆನ್ಸ್ ಎಂದರೆ ನಮಗೆ ಭಯವೂ ಆಗುತ್ತದೆ. ಗಾರೆ ಕೆಲಸದಲ್ಲಿ ನಮ್ಮವರೇ ಬೇಕಾದಷ್ಟು ಜನ. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಬಾಣಲಿ ಹೊತ್ತು, ತೂಗುಗುಂಡು ಬಿಟ್ಟು ಕಲಿತವನು ಪರೀಕ್ಷೆಯ ಕಾಗದದ ಮುಂದೆ ಸೋಲುತ್ತಾನೆ. ಕೈಬೆಚ್ಚಗೆ ಮಾಡಬಲ್ಲವನು ಗೆಲ್ಲುತ್ತಾನೆ. ಕಾಗದ ಪಡೆದವನೂ ಸಿಮೆಂಟು ಉಳಿಸಬಲ್ಲ. ಆರಿಫನನ್ನು ಕಸುಬಿನೊಳಗಿಂದಲೇ ಆರಿಸುತ್ತಿದ್ದ ಹಿರಿಯರು ಇದನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ನಮ್ಮ ಜಮಾಅತ್ ಕಮಿಟಿಗಳು ನಿಕಾಹಿನ ದಫ್ತರನ್ನು ಜೋಪಾನವಾಗಿ ಇಡುತ್ತವೆ. ಊರಿನ ಮೇಸ್ತ್ರಿಗಳ ಹೆಸರು, ಅವರು ಕಟ್ಟಿದ ಮನೆಗಳು, ಬಿಟ್ಟುಹೋದ ಮನೆಗಳು, ಇವಕ್ಕೂ ಒಂದು ಪುಸ್ತಕ ಇಟ್ಟರೆ ಕಮಿಟಿಗೆ ಖರ್ಚಾಗುವುದು ಒಂದು ಪೆನ್ನು ಮಾತ್ರ.

ಖಾಲಾರ ಎರಡನೆಯ ಮೇಸ್ತ್ರಿ ಕರಾರಿಗೆ ಹೆಬ್ಬೆಟ್ಟು ಒತ್ತಿದ. ಅವನನ್ನು ಗೊತ್ತುಮಾಡುವ ಮೊದಲು ಖಾಲಾ ಅವನು ಮೂರು ವರ್ಷದ ಹಿಂದೆ ಕಟ್ಟಿದ್ದ ಮನೆಗೆ ಹೋಗಿದ್ದರು, ಅದೂ ಜುಲೈ ತಿಂಗಳ ಮಳೆಯಲ್ಲಿ. ತಾರಸಿಯ ಕೆಳಗೆ ಕುಳಿತು ಚಹಾ ಕುಡಿದು, ಸೂರಿನ ಮೂಲೆಗಳನ್ನೆಲ್ಲ ನೋಡಿ ಬಂದರು. ಕಂತು ಕೊಟ್ಟದ್ದು ಪ್ರತಿ ಹಂತ ಮುಗಿದ ಮೇಲೆ. ಮೊದಲ ಲಾರಿಯಲ್ಲಿ ಬಂದ ಒಂದು ಒಳ್ಳೆಯ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟುಕೊಂಡಿದ್ದರು. ಮುಂದೆ ಲಾರಿ ಬಂದಾಗಲೆಲ್ಲ ಅದನ್ನು ಹೊರಗೆ ತಂದು, ಲೋಡಿನ ನಡುವಿನಿಂದ ಒಂದನ್ನು ಎಳೆಸಿ ಪಕ್ಕದಲ್ಲಿಟ್ಟು ನೋಡಿಯೇ ಇಳಿಸಲು ಬಿಡುತ್ತಿದ್ದರು. ಡ್ರೈವರು ಗೊಣಗುತ್ತಿದ್ದ. ಎರಡು ಲಾರಿ ವಾಪಸ್ ಹೋದವು.