ಉಪ್ಪು ಬಿದ್ದರೆ ಗ್ಯಾಸ್ ಉರಿ ಹಳದಿ ಆಗುವುದೇಕೆ? ಅದು ಕಲಬೆರಕೆಯ ಗುರುತೇ?

ಸಾರು ಉಕ್ಕಿದಾಗ ಅಥವಾ ಒಲೆಗೆ ಚಿಟಿಕೆ ಉಪ್ಪು ಬಿದ್ದಾಗ ನೀಲಿ ಉರಿ ಥಟ್ಟನೆ ಹಳದಿಯಾಗುತ್ತದೆ. ಇದನ್ನು ಕಂಡು ಉಪ್ಪಿನಲ್ಲಿ ಏನೋ ಕೆಮಿಕಲ್ ಬೆರೆಸಿದ್ದಾರೆ ಎಂದು ಅನುಮಾನಪಡಬೇಕಿಲ್ಲ. ಶುದ್ಧ ಉಪ್ಪಿನಲ್ಲೂ ಹೀಗೇ ಆಗುತ್ತದೆ. ಈ ಬಣ್ಣ ಉಪ್ಪಿನಲ್ಲಿರುವ ಸೋಡಿಯಂನದು.

ಬಣ್ಣ ಬರುವುದು ಹೇಗೆ?

ಪರಮಾಣುವಿನೊಳಗೆ ಎಲೆಕ್ಟ್ರಾನ್‌ಗಳಿಗೆ ಮೆಟ್ಟಿಲುಗಳಂತೆ ನಿಗದಿತ ಶಕ್ತಿಮಟ್ಟಗಳಿವೆ. ಎರಡು ಮೆಟ್ಟಿಲುಗಳ ನಡುವೆ ಅವು ನಿಲ್ಲಲಾರವು. ಉರಿಯಲ್ಲಿ ಬಿಸಿ ಕಣಗಳು ಡಿಕ್ಕಿ ಹೊಡೆದಾಗ ಸೋಡಿಯಂನ ಹೊರಗಿನ ಎಲೆಕ್ಟ್ರಾನ್ ಒಂದು ಮೆಟ್ಟಿಲು ಮೇಲೇರುತ್ತದೆ. ಬೇರೆ ಕಣಗಳ ಅಡ್ಡಿ ಇಲ್ಲದಿದ್ದರೆ ಸರಾಸರಿ 16 ನ್ಯಾನೋಸೆಕೆಂಡಿನಲ್ಲಿ ಕೆಳಗಿಳಿಯುತ್ತದೆ. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಇಳಿಯುವಾಗ ಉಳಿದ ಶಕ್ತಿ ಬೆಳಕಿನ ಕಣವಾಗಿ, ಅಂದರೆ ಫೋಟಾನ್ ಆಗಿ ಹೊರಬರುತ್ತದೆ. ಅದರ ತರಂಗಾಂತರ ಸುಮಾರು 589 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಅದೇ ಹಳದಿ. ತಾಮ್ರದ ಮೆಟ್ಟಿಲುಗಳ ಅಂತರ ಬೇರೆ, ಹಾಗಾಗಿ ಅದರ ಲವಣಗಳು ಉರಿಗೆ ಹಸಿರು ಬಣ್ಣ ಕೊಡುತ್ತವೆ.

ಎಲೆಕ್ಟ್ರಾನ್ ಮೇಲೆಯೇ ಏಕೆ ಉಳಿಯುವುದಿಲ್ಲ?

ಇಲ್ಲಿ ಬರುವುದು ಎಂಟ್ರೊಪಿ. ಇದನ್ನು 'ಅಸ್ತವ್ಯಸ್ತತೆ' ಎಂದು ಹೇಳುವುದುಂಟು, ಆದರೆ ಅದು ಅರ್ಧ ಸತ್ಯ. ಶಕ್ತಿ ಎಷ್ಟು ಬಗೆಗಳಲ್ಲಿ ಹಂಚಿಕೊಂಡಿರಬಹುದು ಎಂಬುದರ ಅಳತೆಯೇ ಎಂಟ್ರೊಪಿ. ಒಗ್ಗರಣೆಯ ಘಮ ಮನೆಯೆಲ್ಲಾ ಹರಡುತ್ತದೆ, ತಾನಾಗಿ ಬಾಣಲೆಗೆ ಮರಳುವುದಿಲ್ಲ. ಹರಡಿರಲು ಲೆಕ್ಕವಿಲ್ಲದಷ್ಟು ದಾರಿಗಳಿವೆ, ಬಾಣಲೆಯಲ್ಲೇ ಇರಲು ಕೆಲವೇ. ಫೋಟಾನ್ ಕೂಡ ಹಾಗೆಯೇ. ಪರಮಾಣುವಿನಿಂದ ಅದು ಯಾವ ದಿಕ್ಕಿಗಾದರೂ ಹೊರಡಬಹುದು. ಹೋದದ್ದು ಅದೇ ಪರಮಾಣುವಿಗೆ ತಾನಾಗಿ ಮರಳುವ ಸಾಧ್ಯತೆ ತೀರಾ ಕಡಿಮೆ. ಅದಕ್ಕೇ ಬೆಳಕು ಹೊರಗೆ ಹರಿಯುತ್ತದೆ.

ಯಾವಾಗ ಎಚ್ಚರ ಬೇಕು?

ಉಪ್ಪಿನ ಹಳದಿ ಕೆಲವು ಕ್ಷಣಗಳಲ್ಲಿ ಮಾಯವಾಗುತ್ತದೆ. ಏನೂ ಚೆಲ್ಲದೆಯೂ ಉರಿ ಹಳದಿಯಾಗಿಯೇ ಇದ್ದು, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಕಾರಣ ಬೇರೆ. ಗಾಳಿ ಸಾಲದೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಬಿಸಿಯಾದ ಮಸಿಯ ಕಣಗಳು ಹೊಳೆಯುತ್ತಿವೆ ಎಂದರ್ಥ. ಆಗ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಉಂಟಾಗಬಹುದು. ಒಲೆ ಆರಿಸಿ, ಕಿಟಕಿ ತೆರೆಯಿರಿ. ತಣ್ಣಗಾದ ಮೇಲೆ ಬರ್ನರ್ ತೂತುಗಳನ್ನು ಸ್ವಚ್ಛಗೊಳಿಸಿ. ಸರಿಹೋಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಫಾರ್ವರ್ಡ್ ಮಾಡುವುದಾದರೆ ಈ ಕೊನೆಯ ಮಾತನ್ನು ಮಾಡಿ. ಉಪ್ಪಿನ ಡಬ್ಬಿ ಇದ್ದಲ್ಲೇ ಇರಲಿ.