ಹಿಮದ ಕೆಳಗಿನ ಅಮಾನತ್

ಮಾವಿನಕುರ್ವೆಯ ನಮಗೆ ಕಡಲು ಗೊತ್ತು, ಮಳೆ ಗೊತ್ತು, ಹಿಮ ಗೊತ್ತಿಲ್ಲ. ಆದರೆ ನಾಲ್ಕು ಜನ ಕೈಜೋಡಿಸಿ ಸಂಸ್ಥೆ ಕಟ್ಟುವುದು ಗೊತ್ತು. 1919ರಲ್ಲಿ ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಹುಟ್ಟಿದ್ದು ಹಾಗೆಯೇ. ಆದ್ದರಿಂದ ನ್ಯೂಜಿಲೆಂಡಿನ ಒಂದು ಸ್ಕೀ ಕ್ಲಬ್ಬಿನ ಚರಿತ್ರೆಯೂ ನಮಗೆ ಪರಕೀಯವೆನಿಸದು.

1913ರಲ್ಲಿ ಬಿಲ್ ಮೀಡ್, ಬರ್ನಾರ್ಡ್ ಡ್ರೇಕ್ ಎಂಬಿಬ್ಬರು 2,797 ಮೀಟರ್ ಎತ್ತರದ ರುವಾಪೆಹು ಜ್ವಾಲಾಮುಖಿಯ ಹಿಮದ ಮೇಲೆ ಮರದ ಹಲಗೆ ಕಟ್ಟಿಕೊಂಡು ಜಾರಿದರು. ಅದೇ ವರ್ಷ ರುವಾಪೆಹು ಸ್ಕೀ ಕ್ಲಬ್ ಹುಟ್ಟಿತು. ಮೇಲಕ್ಕೊಯ್ಯುವ ಯಂತ್ರಗಳಿರಲಿಲ್ಲ, ಒಮ್ಮೆ ಜಾರಬೇಕಾದರೆ ಅಷ್ಟನ್ನೂ ಹತ್ತಲೇಬೇಕು. 1923ರಲ್ಲಿ ಕ್ಲಬ್ಬು ಆ ಬೆಟ್ಟದಲ್ಲಿ 'ಗ್ಲೇಸಿಯರ್ ಹಟ್' ಎಂಬ ಪುಟ್ಟ ಮನೆ ಕಟ್ಟಿತು. ಸದಸ್ಯರ ಬೆವರಿನ ಈ ಚರಿತ್ರೆ ಗೌರವಕ್ಕೆ ಅರ್ಹ.

ಆದರೆ ಮನೆ ನಿಂತ ನೆಲಕ್ಕೂ ಒಂದು ಚರಿತ್ರೆಯಿದೆ. ಭೂ ನ್ಯಾಯಾಲಯದ ಮೂಲಕ ಪವಿತ್ರ ಶಿಖರಗಳು ಹರಿದು ಹಂಚಿಹೋಗುವ ಭಯದಲ್ಲಿ, ಮಾವೊರಿ ಮುಖಂಡ ನಾಲ್ಕನೆಯ ತೆ ಹ್ಯೂಹ್ಯೂ ತುಕಿನೊ 1887ರಲ್ಲಿ ಅವನ್ನು ಬ್ರಿಟಿಷ್ ರಾಣಿಯ ಹೆಸರಿಗೆ ಒಪ್ಪಿಸಿದರು. ಸರ್ಕಾರ ಅದನ್ನು ದಾನವೆಂದು ಬರೆದುಕೊಂಡಿತು. ಅದು ಬಿಟ್ಟುಕೊಟ್ಟದ್ದಲ್ಲ, ಜೊತೆಗೂಡಿ ಕಾಯಲು ಕರೆದದ್ದು ಎಂದು 2013ರಲ್ಲಿ ವೈತಂಗಿ ನ್ಯಾಯಮಂಡಳಿ ಹೇಳಿತು.

ದಾನಕ್ಕೂ ಅಮಾನತ್‌ಗೂ ಇರುವ ಅಂತರ ನಮಗೆ ಹೊಸದಲ್ಲ. ದಾನ ಪಡೆದವನು ಒಡೆಯನಾಗುತ್ತಾನೆ. ಅಮಾನತ್ ಪಡೆದವನು ಲೆಕ್ಕ ಒಪ್ಪಿಸಬೇಕು. ನಮ್ಮ ಮದರಸ, ಶಾಲೆ, ಸಂಘಗಳ ಚರಿತ್ರೆ ಬರೆಯುವಾಗ ಗೋಡೆ ಕಟ್ಟಿದವರ ಜೊತೆಗೆ, ನೆಲ ಒಪ್ಪಿಸಿದವರನ್ನೂ ಅವರ ಇರಾದೆಯನ್ನೂ ಬರೆದಿಡೋಣ. ಅದನ್ನು ಮರೆತರೆ ಮುಂದಿನವರು ಕಾವಲುಗಾರರಾಗುವ ಬದಲು ಮಾಲೀಕರಾಗಿಬಿಡುತ್ತಾರೆ.